ಆನ್‌ಲೈನೋ ತರಗತಿಯೋ ಎಂದು ಕೇಳುವ ಮೊದಲು

ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ವಿದ್ಯಾವಿಷಯಕ ಪರಿಷತ್ತುಗಳ ಸದಸ್ಯರಿಗೆ, ಉನ್ನತ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ನಮಸ್ಕಾರಗಳು.

ನಾನು ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಹೋದ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಕೈಗೆ ಒಂದು ನಮೂನೆ ಬಂತು. ನಿಮ್ಮ ವಿದ್ಯಾರ್ಥಿಗಳು ಆನ್‌ಲೈನ್ ಕೋರ್ಸ್ ಬಯಸುತ್ತಾರೋ, ಸಾಂಪ್ರದಾಯಿಕ ತರಗತಿ ಬಯಸುತ್ತಾರೋ? ಎರಡು ಚೌಕಗಳಿದ್ದವು. ಒಂದರಲ್ಲಿ ಗುರುತು ಹಾಕಿಸಿ ಸಂಜೆಯೊಳಗೆ ಕಳುಹಿಸಬೇಕಿತ್ತು. ಕಳುಹಿಸಿದೆವು. ಆ ಗುರುತುಗಳನ್ನು ಯಾರೋ ಕೂಡಿಸಿರುತ್ತಾರೆ, ಶೇಕಡಾವಾರು ತೆಗೆದಿರುತ್ತಾರೆ, ಅದು ಯಾವುದೋ ಸಭೆಯ ಮುಂದೆ ಬಂದಿರುತ್ತದೆ. ಆ ಲೆಕ್ಕವನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಮೂನೆ ಕಳುಹಿಸಿದ ಮರುದಿನವೂ ಅದು ನನ್ನ ಮನಸ್ಸನ್ನು ಕೊರೆಯುತ್ತಲೇ ಇತ್ತು. ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿ ನೋಟ್‌ಬುಕ್ಕಿನ ಹಾಳೆಗಳನ್ನು ನಾಲ್ಕಾಗಿ ಹರಿದು ಹಂಚಿದೆ. ಹೆಸರು ಬೇಡ, ಯಾವುದು ಬೇಕು, ಯಾಕೆ ಬೇಕು, ಅಷ್ಟನ್ನೇ ಬರೆಯಿರಿ ಎಂದೆ. ಮೊದಲು ಪಿಸುಮಾತು, ಆಮೇಲೆ ಒಂದು ಗಂಟೆ ಪೂರ್ತಿ ಪೆನ್ನಿನ ಸದ್ದು. ಪರೀಕ್ಷೆಯಲ್ಲಿ ಅರ್ಧ ಪುಟಕ್ಕೆ ಸುಸ್ತಾಗುವ ಹುಡುಗರು ಚೀಟಿಯ ಹಿಂಬದಿಗೂ ಬರೆದರು. ಹೆಸರು ಬೇಡ ಎಂದಿದ್ದರೂ ಎರಡು ವರ್ಷದಿಂದ ಅವರ ಉತ್ತರ ಪತ್ರಿಕೆ ತಿದ್ದುತ್ತಿರುವವಳಿಗೆ ಕೈಬರಹ ಗುರುತಾಗದೆ ಇರುತ್ತದೆಯೇ? ಕೆಲವರನ್ನು ಕರೆದು ಮಾತನಾಡಿಸಿದೆ. ಇಲ್ಲಿ ಬರೆಯುತ್ತಿರುವುದಕ್ಕೆ ಅವರ ಒಪ್ಪಿಗೆ ಪಡೆದಿದ್ದೇನೆ.

ಆಳಂದ ಕಡೆಯ ತಾಂಡಾ ಒಂದರಿಂದ ಬರುವ ಹುಡುಗಿ ಹೀಗೆ ಬರೆದಿದ್ದಳು: "ಮೇಡಂ, ನನಗೆ ಕ್ಲಾಸೇ ಬೇಕು. ಆನ್‌ಲೈನ್ ಅಂದರೆ ಮನೆಯಲ್ಲಿರಬೇಕು. ಮನೆಯಲ್ಲಿದ್ದರೆ ಮದುವೆಯ ಮಾತು ಶುರುವಾಗುತ್ತದೆ." ಮೂರೇ ಸಾಲು. ಪಾಠ ಯಾವುದರಲ್ಲಿ ಚೆನ್ನಾಗಿ ಅರ್ಥವಾಗುತ್ತದೆ ಎಂಬ ಪ್ರಶ್ನೆಯೇ ಅವಳ ಚೀಟಿಯಲ್ಲಿಲ್ಲ. ದಿನವೂ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಡುವುದಕ್ಕೆ ಕಾಲೇಜು ಅವಳಿಗೆ ಹಕ್ಕು ಕೊಟ್ಟಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನ ಖರ್ಚೂ ಅವಳ ಅಪ್ಪನ ಬಾಯಲ್ಲಿ ಬರುತ್ತಿಲ್ಲ. ಆಧಾರ್ ಕಾರ್ಡು ತೋರಿಸಿ ಟಿಕೆಟ್ ಪಡೆದು ಅವಳು ಬರುತ್ತಾಳೆ. ತರಗತಿಯನ್ನು ಫೋನಿಗೆ ಸಾಗಿಸಿದ ದಿನ ಆ ಟಿಕೆಟ್ಟಿಗೂ ಕೆಲಸವಿರುವುದಿಲ್ಲ. ನಿಮ್ಮ ನಮೂನೆಯಲ್ಲಿ ಅವಳು "ಸಾಂಪ್ರದಾಯಿಕ" ಎಂಬ ಚೌಕಕ್ಕೆ ಗುರುತು ಹಾಕಿದ್ದಳು. ಸಂಪ್ರದಾಯ ಅವಳನ್ನು ಎಲ್ಲಿಗೆ ಎಳೆಯುತ್ತಿದೆ, ಅವಳು ಯಾವುದರಿಂದ ದೂರ ಉಳಿಯಲು ಹೆಣಗುತ್ತಿದ್ದಾಳೆ ಎಂಬುದು ಆ ಗುರುತಿನಲ್ಲಿ ಕಾಣುವುದಿಲ್ಲ.

ಇನ್ನೊಂದು ಚೀಟಿ ದಾಲ್ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗನದು. ತೊಗರಿ ಹಂಗಾಮಿನಲ್ಲಿ, ಅಂದರೆ ಡಿಸೆಂಬರ್‌ನಿಂದ ಮುಂದೆ ಎರಡು ಮೂರು ತಿಂಗಳು, ಇಲ್ಲಿನ ಗಂಜ್‌ಗಳಲ್ಲಿ, ಮಿಲ್ಲುಗಳಲ್ಲಿ ಕೈತುಂಬ ಕೆಲಸವಿರುತ್ತದೆ. ಹಂಗಾಮು ಬಿಟ್ಟರೆ ವರ್ಷದ ಖರ್ಚಿಗೆ ದುಡ್ಡಿಲ್ಲ. "ಮೊದಲ ಪಿರಿಯಡ್‌ನಲ್ಲಿ ನನಗೆ ನಿದ್ದೆ ಬರುತ್ತದೆ. ನೀವು ಬೈಯುವುದಿಲ್ಲ, ಅದಕ್ಕೇ ಇನ್ನೂ ಬೇಜಾರು. ನೀವು ಹೇಳಿದ ಪಾಠ ಫೋನಿನಲ್ಲಿ ಸಿಕ್ಕರೆ ಊಟದ ಬಿಡುವಿನಲ್ಲಿ ಕೇಳುತ್ತೇನೆ." ಅವನಿಗೆ ಆನ್‌ಲೈನ್ ಬೇಕು. ಆದರೆ ಅವನು ಕೇಳುತ್ತಿರುವುದು ದೂರದ ನಗರದ ಯಾರೋ ಪ್ರಾಧ್ಯಾಪಕರ ವಿಡಿಯೋ ಅಲ್ಲ. ತನ್ನ ತರಗತಿಯ ಪಾಠವೇ ತನ್ನ ಹೊತ್ತಿಗೆ ಸಿಗಬೇಕು ಎನ್ನುತ್ತಾನೆ. ಕಟ್ಟಡ ಕೆಲಸಕ್ಕೆ ಅಪ್ಪ ಅಮ್ಮನ ಜೊತೆ ಪುಣೆಗೆ ಹೋಗಿ ತಿಂಗಳುಗಟ್ಟಲೆ ಬಾರದ ಹುಡುಗರಿಗೂ ಇದೇ ಬೇಕು. ಅವರು ಹಾಜರಾತಿ ಶೇ 75 ಮುಟ್ಟದೆ ಪ್ರತಿ ವರ್ಷ ಪ್ರಾಂಶುಪಾಲರ ಕೋಣೆಯ ಮುಂದೆ ಸಾಲು ನಿಲ್ಲುತ್ತಾರೆ. ಆ ಸಾಲನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಮೂರನೆಯ ಚೀಟಿ ನನ್ನನ್ನು ಅಲುಗಾಡಿಸಿತು. ಎರಡು ವರ್ಷದಲ್ಲಿ ನನ್ನ ತರಗತಿಯಲ್ಲಿ ಒಂದು ಮಾತೂ ಆಡದ ಹುಡುಗಿ. ಮನೆಮಾತು ಲಂಬಾಣಿ, ಕನ್ನಡ ಮಾತನಾಡಿದರೆ ಪಕ್ಕದವರು ನಗುತ್ತಾರೆಂಬ ಅಳುಕು. ವಾಟ್ಸ್‌ಆ್ಯಪ್‌ನಲ್ಲಿ ನಾವೊಂದು ವಿಷಯದ ಗುಂಪು ಮಾಡಿಕೊಂಡಿದ್ದೇವೆ. ಅಲ್ಲಿ ರಾತ್ರಿ ಹತ್ತಕ್ಕೆ ಅವಳ ಪ್ರಶ್ನೆ ಬರುತ್ತದೆ. ಎಂಥ ಪ್ರಶ್ನೆಗಳು! ಬೆಂಬಲ ಬೆಲೆ ಘೋಷಣೆಯಾದರೂ ನಮ್ಮ ಅಪ್ಪನಿಗೆ ಆ ಬೆಲೆ ಯಾಕೆ ಸಿಗುವುದಿಲ್ಲ, ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಅವರು ಅಡತಿಯವರಿಗೆ ಮಾರಿಬಿಟ್ಟಿರುತ್ತಾರೆ, ಹಾಗಾದರೆ ಅದು ಯಾರ ಬೆಂಬಲಕ್ಕೆ ಎಂದು ಒಮ್ಮೆ ಕೇಳಿದ್ದಳು. ಮರುದಿನ ಅವಳ ಹೆಸರು ಹೇಳದೆ ಅದೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಪಾಠ ಮಾಡಿದೆ. ಅವಳು ತಲೆ ತಗ್ಗಿಸಿ ಕುಳಿತಿದ್ದಳು, ಆದರೆ ನಗುತ್ತಿದ್ದಳು. ಅವಳ ಚೀಟಿಯಲ್ಲಿ "ಎರಡೂ" ಎಂದಿತ್ತು. ನಮೂನೆಯಲ್ಲಿ ಅಂಥ ಚೌಕವೇ ಇರಲಿಲ್ಲ.

ಆನ್‌ಲೈನ್ ಎಂದರೆ ಮೂಗು ಮುರಿಯುವವಳು ಈ ಪತ್ರ ಬರೆದಿದ್ದಾಳೆ ಎಂದು ದಯವಿಟ್ಟು ತಿಳಿಯಬೇಡಿ. ಆ ಹುಡುಗಿಗೆ ಬಾಯಿ ಕೊಟ್ಟದ್ದು ಫೋನು. ಅದನ್ನು ನಾನು ಮರೆಯುವುದಿಲ್ಲ.

ಆದರೆ ನಾವು 2020ನ್ನೂ ಕಂಡವರು. ದೇಶದ ಮೊದಲ ಕೋವಿಡ್ ಸಾವು ಆ ವರ್ಷದ ಮಾರ್ಚ್‌ನಲ್ಲಿ ವರದಿಯಾದದ್ದು ಕಲಬುರಗಿಯಿಂದ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ನವೆಂಬರ್‌ನಲ್ಲಿ ಪದವಿ ಕಾಲೇಜುಗಳು ತೆರೆದು, 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆಗೆ ಮತ್ತೆ ಮುಚ್ಚಿದವು. ಆ ದಿನಗಳಲ್ಲಿ ನಾನು ಮನೆಯ ಗೋಡೆಗೆ ಬಿಳಿ ಹಾಳೆ ಅಂಟಿಸಿ ಬೇಡಿಕೆಯ ರೇಖೆ ಬರೆದು ಫೋನಿನ ಮುಂದೆ ಪಾಠ ಮಾಡಿದೆ. ಪರದೆಯ ತುಂಬ ಕಪ್ಪು ಚೌಕಗಳು, ಚೌಕದ ಮೇಲೆ ಅಪ್ಪಂದಿರ, ಅಣ್ಣಂದಿರ ಹೆಸರು. ಫೋನು ಅವರದಲ್ಲವೇ? ನನ್ನ ವಿದ್ಯಾರ್ಥಿನಿಯರಲ್ಲಿ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ತಿಳಿಯಲು ನನಗೆ ಅವರ ಮನೆಯವರ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಯಿತು. ಅಪ್ಪ ಹೊಲಕ್ಕೆ ಹೊರಟರೆ ತರಗತಿಯೂ ಅವರ ಅಂಗಿಯ ಜೇಬಿನಲ್ಲಿ ಹೊಲಕ್ಕೆ ಹೊರಟಿತು.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಸುತ್ತಿನ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ, ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇ 14.9ರಲ್ಲಿ. ಆ ಮೇಲೆ ಪರಿಸ್ಥಿತಿ ಬದಲಾಗಿದೆ, ಒಪ್ಪುತ್ತೇನೆ. ಇಂದು ಬಹುತೇಕ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಮನೆಗೊಂದು ಫೋನಿರುವುದು ಬೇರೆ, ಓದುವ ಹುಡುಗಿಯ ಕೈಗೆ ಅದು ಒಂದು ತಾಸು ಸಿಗುವುದು ಬೇರೆ.

ಮುಖಾಮುಖಿ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಒಂದೇ ಒಂದು ದಿನದ ಮಾತು ಹೇಳುತ್ತೇನೆ. ಬೇಡಿಕೆಯ ಸ್ಥಿತಿಸ್ಥಾಪಕತ್ವ ಪಾಠ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು. ಪುಸ್ತಕದಲ್ಲಿ ಉಪ್ಪಿನ ಉದಾಹರಣೆ ಇರುತ್ತದೆ. ನಾನು ತೊಗರಿ ಬೇಳೆ ತೆಗೆದುಕೊಂಡೆ. ಬೆಲೆ ದುಪ್ಪಟ್ಟಾದರೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಕಡಿಮೆ ಕೊಳ್ಳುತ್ತೇವೆ ಎಂದು ಮುಂದಿನ ಬೆಂಚಿನವರು ಪುಸ್ತಕದ ಉತ್ತರ ಕೊಟ್ಟರು. ಕಿಟಕಿಯ ಪಕ್ಕ ಕುಳಿತಿದ್ದ ಹುಡುಗಿಯ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಹೇಳು ಎಂದೆ. ಇಲ್ಲ ಮೇಡಂ ಎಂದಳು. ಹೇಳಮ್ಮ ಎಂದೆ. "ಬೇಳೆ ಬಿಡುವುದಿಲ್ಲ ಮೇಡಂ. ನೀರು ಜಾಸ್ತಿ ಹಾಕುತ್ತೇವೆ." ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ನಮ್ಮ ಮನೆಯಲ್ಲಿ ಕಡಲೆ ಬೇಳೆ ಬೆರೆಸುತ್ತಾರೆ, ನಮ್ಮಲ್ಲಿ ಬರೀ ಪುಂಡಿಪಲ್ಲೆ ಮೂರು ದಿನ, ನಮ್ಮ ಅಮ್ಮ ತನ್ನ ಪಾಲಿನದನ್ನು ಬಿಡುತ್ತಾಳೆ. ಅಸ್ಥಿತಿಸ್ಥಾಪಕ ಬೇಡಿಕೆ ಎಂದರೆ ಏನು ಎಂದು ಆ ದಿನದ ನಂತರ ನಾನು ಮತ್ತೆ ವಿವರಿಸಬೇಕಾಗಲಿಲ್ಲ. ಒಪ್ಪಿಗೆಯಿಲ್ಲದ ಆ ಮುಖ ನನಗೆ ಕಂಡದ್ದರಿಂದ ಆ ಪಾಠ ಹುಟ್ಟಿತು. ಕಪ್ಪು ಚೌಕದಲ್ಲಿ ಮುಖ ಎಲ್ಲಿರುತ್ತದೆ?

ಈಗ ಕೊನೆಯ ಬಗೆಯ ಚೀಟಿಗಳಿಗೆ ಬರುತ್ತೇನೆ. ಈ ಪತ್ರ ಬರೆಯಲೇಬೇಕೆನಿಸಿದ್ದು ಇವುಗಳಿಂದ. "ಯಾವುದಾದರೂ ಒಂದು ನಡೆಯಲಿ." ಒಂದಲ್ಲ, ಹಲವು ಚೀಟಿಗಳಲ್ಲಿ ಹೆಚ್ಚು ಕಡಿಮೆ ಇದೇ ಮಾತು. ಯಾಕೆ ಹೀಗೆ ಬರೆದಿರಿ ಎಂದು ಕೇಳಿದಾಗ ಒಬ್ಬ ಹುಡುಗ ವೇಳಾಪಟ್ಟಿ ತೋರಿಸಿದ. ಆ ಸೆಮಿಸ್ಟರ್‌ನ ಒಂದು ವಿಷಯಕ್ಕೆ ಪರೀಕ್ಷೆ ಹತ್ತಿರ ಬರುವವರೆಗೂ ಉಪನ್ಯಾಸಕರೇ ಇರಲಿಲ್ಲ. ವೇಳಾಪಟ್ಟಿಯಲ್ಲಿ ವಿಷಯದ ಹೆಸರಿತ್ತು, ಅದರ ಮುಂದೆ ಹೆಸರಿನ ಜಾಗ ಖಾಲಿ. ಹುಡುಗರು ಆ ವೇಳೆಯಲ್ಲಿ ಮರದ ಕೆಳಗೆ ಕುಳಿತು ಯೂಟ್ಯೂಬ್ ನೋಡಿ ನೋಟ್ಸ್ ಮಾಡಿಕೊಂಡರು. ಮಾಡಿಕೊಂಡದ್ದು ಹೆಮ್ಮೆಯ ವಿಷಯವೇ. ಆದರೆ ಅವರು ನಿಮ್ಮ ನಮೂನೆಯಲ್ಲಿ "ಆನ್‌ಲೈನ್" ಎಂಬ ಚೌಕಕ್ಕೆ ಗುರುತು ಹಾಕಿದರು. ಹಸಿದವನು ಸಿಕ್ಕಿದ್ದನ್ನು ತಿಂದರೆ ಅದು ಅವನ ರುಚಿ ಎಂದು ಬರೆದುಕೊಳ್ಳಬಹುದೇ?

ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಸಾವಿರಾರು ಅತಿಥಿ ಉಪನ್ಯಾಸಕರ ದುಡಿಮೆಯಿಂದ. ಅವರ ನೇಮಕಾತಿ ತಡವಾದರೆ ತರಗತಿ ತಡವಾಗುತ್ತದೆ, ಅವರು ಮುಷ್ಕರ ಹೂಡಿದರೆ ತರಗತಿ ನಿಲ್ಲುತ್ತದೆ. ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ನಿವೃತ್ತರ ಜಾಗಗಳು ತುಂಬದೆ ಎಷ್ಟು ವರ್ಷವಾಯಿತು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇಂಥ ಹೊತ್ತಿನಲ್ಲಿ "ವಿದ್ಯಾರ್ಥಿಗಳು ಆನ್‌ಲೈನ್ ಬಯಸುತ್ತಿದ್ದಾರೆ" ಎಂಬ ವಾಕ್ಯ ಕಡತದಲ್ಲಿ ಕುಳಿತರೆ ಅದನ್ನು ಖಾಲಿ ಹುದ್ದೆಗೆ ಮುಚ್ಚಳವಾಗಿ ಬಳಸುವುದು ಬಲು ಸುಲಭ. ನನ್ನ ಭಯ ಇದು, ಮುಚ್ಚಿಡದೆ ಹೇಳುತ್ತಿದ್ದೇನೆ.

ನಿಯಮಗಳು ದಾರಿ ತೆರೆದಿವೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ 'ಸ್ವಯಂ' ವೇದಿಕೆಯ ಕೋರ್ಸ್‌ಗಳ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ತಂದ ನಿಯಮಾವಳಿಯಂತೆ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಅಲ್ಲಿಂದ ಪಡೆದು ಕ್ರೆಡಿಟ್ ಸೇರಿಸಿಕೊಳ್ಳಬಹುದು. ಮೊದಲು ಈ ಮಿತಿ ಶೇ 20 ಇತ್ತು. 2017ರಲ್ಲಿ ಶುರುವಾದ ಆ ವೇದಿಕೆಯಲ್ಲಿ ಅತ್ಯುತ್ತಮ ಪಾಠಗಳಿವೆ. ನಾನೇ ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ಮಾಡಿ ಬಹಳ ಕಲಿತೆ. ನಮ್ಮ ಕಾಲೇಜಿನಲ್ಲಿ ಎಂದೂ ಇಲ್ಲದ ವಿಷಯಗಳು ಅಲ್ಲಿವೆ, ಬೀದರಿನ ಔರಾದಿನಲ್ಲಿ ಕುಳಿತ ಹುಡುಗ ಐಐಟಿ ಪ್ರಾಧ್ಯಾಪಕರ ಪಾಠ ಕೇಳಬಹುದು. ಆದರೆ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನ ಬಿ.ಎ. ಹುಡುಗರು ಮೊದಲ ವಾರ ಉತ್ಸಾಹದಿಂದ ನೋಂದಾಯಿಸಿಕೊಳ್ಳುತ್ತಾರೆ, ಮೂರನೆಯ ವಾರಕ್ಕೆ ಬಿಟ್ಟಿರುತ್ತಾರೆ. ನಿಗದಿತ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಆ ಕೇಂದ್ರ ದೂರದ ನಗರದಲ್ಲಿ ಬಿದ್ದರೆ ಹುಡುಗಿಯರನ್ನು ಕಳುಹಿಸುವವರು ಯಾರು?

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲು ಈ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಯೂರಿತು. 2023ರಲ್ಲಿ ಬೀದರ್ ವಿಶ್ವವಿದ್ಯಾಲಯವಾಯಿತು. ಪ್ರತಿ ಸಲವೂ ಓದು ನಮ್ಮ ಮನೆಗಳಿಗೆ ಒಂದಿಷ್ಟು ಹತ್ತಿರ ಬಂದಿದೆ. ಸಂವಿಧಾನದ 371(ಜೆ) ವಿಧಿ ಈ ಭಾಗದ ಮಕ್ಕಳಿಗೆ ಮೀಸಲು ಸೀಟು ಕೊಟ್ಟಿತು, ಅದಕ್ಕಾಗಿ ಹೋರಾಡಿದವರನ್ನು ನೆನೆಯದೆ ನನಗೆ ಈ ಮಾತು ಬರೆಯಲಾಗುವುದಿಲ್ಲ. ಆ ಸೀಟಿನಲ್ಲಿ ಕುಳಿತವರ ಎದುರು ಒಬ್ಬ ಗುರು ನಿಲ್ಲಬೇಕು. ಅಷ್ಟನ್ನೇ ಕೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬಹುದು? ಚೀಟಿಗಳಲ್ಲೇ ಉತ್ತರವಿದೆ. ಮೊದಲನೆಯ ಮಾತು, ಉಪನ್ಯಾಸಕರಿಲ್ಲದ ವಿಷಯಕ್ಕೆ ಬದಲಿಯಾಗಿ ಆನ್‌ಲೈನ್ ಕೋರ್ಸ್ ಕೊಡುವುದಿಲ್ಲ ಎಂದು ಲಿಖಿತವಾಗಿ ತೀರ್ಮಾನಿಸಿ. ಇರುವ ತರಗತಿಗೆ ಜೊತೆಯಾಗಿ ಕೊಡಿ. ಪಾಠವನ್ನು ಧ್ವನಿಮುದ್ರಿಸಿ ಕೊಡಲು ನಮಗೆ ಅನುಮತಿ ಮತ್ತು ಒಂದು ಒಳ್ಳೆಯ ಮೈಕ್ ಕೊಡಿ. ವಿಡಿಯೋ ಬೇಡ, ಬರೀ ಧ್ವನಿ ಸಾಕು, ಡೇಟಾ ಕಡಿಮೆ ಹಿಡಿಯುತ್ತದೆ. ಮಿಲ್ಲಿನ ಹುಡುಗನಿಗೆ ಅಷ್ಟು ಸಾಕು. ತೊಗರಿ ರಾಶಿಯ ತಿಂಗಳುಗಳಲ್ಲಿ ಧ್ವನಿಪಾಠ ಕೇಳಿ ಲಿಖಿತ ಕೆಲಸ ಒಪ್ಪಿಸಿದವರಿಗೆ ಹಾಜರಾತಿಯಲ್ಲಿ ಒಂದು ಪಾಲು ಕೊಡುವ ದಾರಿ ಹುಡುಕಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವುದು ರೂಢಿ. ಅಧಿಕಾರಿಗಳ ಮೈ ಸುಡುವ ಬಿಸಿಲು ಹುಡುಗರನ್ನೂ ಸುಡುತ್ತದೆ. ಆ ಎರಡು ತಿಂಗಳು ಮಧ್ಯಾಹ್ನದ ತರಗತಿಗಳನ್ನು ಆನ್‌ಲೈನ್ ಮಾಡಿದರೆ ಯಾರೂ ಬೇಡ ಎನ್ನುವುದಿಲ್ಲ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ: ಆನ್‌ಲೈನ್ ಕೋರ್ಸ್ ನೋಡುವುದಕ್ಕೂ ಕಾಲೇಜಿನಲ್ಲಿ ಒಂದು ಕೋಣೆ ಬೇಕು. ಪರದೆ, ಸರಿಯಾದ ನೆಟ್‌ವರ್ಕ್, ಫ್ಯಾನು, ಮತ್ತು ಕೋಣೆಯಲ್ಲಿ ಕುಳಿತು ಇಂಗ್ಲಿಷ್ ಪಾಠವನ್ನು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಉಪನ್ಯಾಸಕ. ಆಗ ತಾಂಡಾದ ಹುಡುಗಿ ಆನ್‌ಲೈನ್ ಕೋರ್ಸಿಗೂ ಬಸ್ಸು ಹತ್ತಿಯೇ ಬರುತ್ತಾಳೆ, ಮನೆಯಲ್ಲಿ ಉಳಿಯುವುದಿಲ್ಲ. ಕೆಲಸ ಹೆಚ್ಚುತ್ತದೆ, ನಿಜ. ಅದನ್ನು ನಮ್ಮ ಕಾರ್ಯಭಾರದ ಗಂಟೆಗಳಲ್ಲಿ ಲೆಕ್ಕ ಹಿಡಿಯಿರಿ, ನಾವು ಸಂತೋಷದಿಂದ ಮಾಡುತ್ತೇವೆ. ಗ್ರಂಥಾಲಯವನ್ನು ಸಂಜೆ ಕೊನೆಯ ಬಸ್ಸಿನವರೆಗೆ ತೆರೆದಿಡಿ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 11ನೆಯ ಶತಮಾನದಲ್ಲಿ ದೊಡ್ಡ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. ಅಲ್ಲಿನ ಶಾಸನ ವಿದ್ಯಾರ್ಥಿಗಳನ್ನೂ ಗುರುಗಳನ್ನೂ ಹೇಳುವಾಗ ಗ್ರಂಥಭಂಡಾರ ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಹೇಳುತ್ತದೆ. ಆರು ಮಂದಿ! ವಿದ್ಯಾರ್ಥಿಗಳನ್ನು ನಾಗಾವಿಗೆ ಕರೆದುಕೊಂಡು ಹೋದಾಗಲೆಲ್ಲ ಆ ಮಾತು ಹೇಳುತ್ತೇನೆ. ಹೇಳುವಾಗ ನಮ್ಮ ಕಾಲೇಜಿನ ಗ್ರಂಥಾಲಯದ ಬೀಗ ನೆನಪಾಗಿ ಮಾತು ತಡವರಿಸುತ್ತದೆ.

ಇನ್ನು ಸಮೀಕ್ಷೆಯ ವಿಷಯ. ಮತ್ತೆ ಕೇಳುವುದಾದರೆ ವಿಷಯವಾರು ಕೇಳಿ. ಭಾಷೆಯ ತರಗತಿಗೆ ಒಂದು ಉತ್ತರ, ಕಂಪ್ಯೂಟರ್ ತರಗತಿಗೆ ಇನ್ನೊಂದು, ವಿಜ್ಞಾನದ ಪ್ರಯೋಗಾಲಯಕ್ಕೆ ಮತ್ತೊಂದು ಬರುತ್ತದೆ. ರಸಾಯನಶಾಸ್ತ್ರದ ಹುಡುಗ ಬ್ಯೂರೆಟ್ ಹಿಡಿಯದೆ ಪದವಿ ಪಡೆದರೆ ಅವನಿಗೆ ಯಾವ ಕಾರ್ಖಾನೆ ಕೆಲಸ ಕೊಡುತ್ತದೆ? ಸ್ನಾತಕೋತ್ತರ ವಿದ್ಯಾರ್ಥಿಯ ಮಾತು ಬೇರೆ, ಪದವಿಯ ಮೊದಲ ವರ್ಷಕ್ಕೆ ಬಂದ ಹದಿನೆಂಟರ ಹುಡುಗಿಯ ಮಾತು ಬೇರೆ. ಕಲಬುರಗಿ ನಗರದಲ್ಲಿ ಸ್ವಂತ ಕೋಣೆಯಿರುವ ಹುಡುಗ, ಹುಣಸಗಿಯಿಂದ ಬಂದು ಹಾಸ್ಟೆಲ್‌ನಲ್ಲಿ ಹತ್ತು ಜನರೊಂದಿಗೆ ಮಲಗುವ ಹುಡುಗ, ಇಬ್ಬರಿಗೂ ಒಂದೇ ಚೌಕ ಸಾಲದು. "ಈ ವಿಷಯಕ್ಕೆ ಈ ವರ್ಷ ನಿಮಗೆ ಉಪನ್ಯಾಸಕರು ಇದ್ದರೇ?" ಎಂಬುದು ನಮೂನೆಯ ಮೊದಲ ಪ್ರಶ್ನೆಯಾಗಲಿ. ಇಲ್ಲ ಎಂದವರ ಗುರುತನ್ನು ಬೇರೆಯಾಗಿಯೇ ಎಣಿಸಿ. ಚೌಕಗಳ ಕೆಳಗೆ ನಾಲ್ಕು ಸಾಲಿನ ಖಾಲಿ ಜಾಗ ಬಿಡಿ. ಅವರು ಬರೆಯುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ.

ಆ ಚೀಟಿಗಳೆಲ್ಲ ನನ್ನ ಮೇಜಿನ ಖಾನೆಯಲ್ಲಿ, ಒಂದು ಹಳೆಯ ಲಕೋಟೆಯಲ್ಲಿವೆ. ಪರಿಷತ್ತಿನ ಮುಂದಿನ ಸಭೆ ಯಾವಾಗ ಎಂದು ತಿಳಿಸಿದರೆ ಗುರುತು ಸಿಗದಂತೆ ನಕಲು ಮಾಡಿಸಿ ತರುತ್ತೇನೆ. ಸಾಧ್ಯವಾದರೆ ನಿಮ್ಮಲ್ಲಿ ಒಬ್ಬರಾದರೂ ಒಂದು ಸೋಮವಾರ ನಮ್ಮಲ್ಲಿಗೆ ಬನ್ನಿ. ಮೊದಲ ಪಿರಿಯಡ್‌ಗೆ ತರಗತಿ ಅರ್ಧ ಖಾಲಿ ಕಾಣುತ್ತದೆ, ಅದನ್ನು ನೋಡಿ ಹೊರಟುಬಿಡಬೇಡಿ. ಹಳ್ಳಿಗಳ ಬಸ್ಸು ಬರುವುದು ಹತ್ತು ಗಂಟೆ ದಾಟಿದ ಮೇಲೆ. ಹುಡುಗಿಯರು ನಿಲ್ದಾಣದಿಂದ ಓಡುತ್ತಾ ಬರುತ್ತಾರೆ, ಬಾಗಿಲಲ್ಲಿ ನಿಂತು ಒಳಗೆ ಬರಲೇ ಮೇಡಂ ಎಂದು ಕೇಳುತ್ತಾರೆ. ಅವರು ಕುಳಿತು ಪುಸ್ತಕ ತೆಗೆದ ಮೇಲೆ ನಿಮ್ಮ ಪ್ರಶ್ನೆ ಕೇಳಿ.

ಇತಿ ನಿಮ್ಮ ವಿಶ್ವಾಸಿ,
ಅರ್ಥಶಾಸ್ತ್ರ ಉಪನ್ಯಾಸಕಿ, ಪದವಿ ಕಾಲೇಜು
ಕಲಬುರಗಿ ಜಿಲ್ಲೆ